ಎರಡನೇ ಆಯ್ಕೆಯ ಕಾಲಂ ಮುಂದೆ ನಿಂತ ಹುಡುಗ

ಅರ್ಜಿ ಹಾಕಲು ಇನ್ನು ಮೂರೇ ದಿನ ಬಾಕಿ ಇತ್ತು. ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬ ಹುಡುಗನ ಪಕ್ಕ ಕೂತಿದ್ದೆ. ಹೆಸರು, ವಿಳಾಸ, ಅಂಕ ಎಲ್ಲವನ್ನೂ ಅವನು ಸರಿಯಾಗಿ ತುಂಬಿದ್ದ. 'ಮೊದಲ ಆಯ್ಕೆ' ಅನ್ನುವ ಕಡೆ ತನಗೆ ಬೇಕಾದ ಕೋರ್ಸನ್ನೂ ಹಾಕಿದ್ದ. ಅದರ ಕೆಳಗಿನ 'ಎರಡನೇ ಆಯ್ಕೆ' ಮಾತ್ರ ಖಾಲಿ. ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಹನ್ನೊಂದು ದಿನದಿಂದ ಅವನ ಅರ್ಜಿ ಅಲ್ಲೇ ನಿಂತಿತ್ತು.

"ಇದನ್ನು ಯಾಕೆ ಬಿಟ್ಟಿದ್ದೀಯಪ್ಪ?" ಅಂತ ಕೇಳಿದೆ.

"ಎರಡನೇದು ಬರೆದರೆ ಅದನ್ನೇ ಕೊಟ್ಟುಬಿಡ್ತಾರೆ ಅಲ್ವಾ ಮೇಡಂ?" ಅಂದ.

ಮೊದಲನೆಯದು ಸಿಗದಿದ್ದರೆ ಮಾತ್ರ ಎರಡನೆಯದನ್ನು ನೋಡುತ್ತಾರೆ. ಅವನಿಗೆ ಬೇಕಾಗಿದ್ದದ್ದು ಈ ಒಂದು ಮಾತು. ಮನೆಯಲ್ಲಿ ಕೇಳೋಣ ಅಂದರೆ ಅಂಥ ಅರ್ಜಿಯನ್ನು ಅಲ್ಲಿ ಯಾರೂ ಕಂಡವರಲ್ಲ. ಅವನ ಮೇಷ್ಟರಿಗೂ ಅದೇ ಅನುಮಾನ ಇತ್ತಂತೆ. ತಪ್ಪು ಹೇಳಿ ಹುಡುಗನ ಬದುಕು ಕೆಡಿಸಬಾರದು ಅಂತ ಅವರು ಸುಮ್ಮನಿದ್ದರು. ಆ ಅರ್ಜಿಯನ್ನು ತಯಾರಿಸಿದ್ದು ನಮ್ಮದೇ ಕಚೇರಿ.

ವಿಶ್ವವಿದ್ಯಾಲಯ ಮತ್ತು ಶಾಲೆಗಳ ನಡುವಿನ ಕೆಲಸವೇ ನನ್ನ ಉದ್ಯೋಗ. ಓದು ಮುಂದುವರಿಸದ ಮಕ್ಕಳ ಬಗ್ಗೆ ಮೀಟಿಂಗ್‌ಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ಅವರಿಗೆ ಆಸೆಯೇ ಕಡಿಮೆ, ನಾವು ಹೋಗಿ ಹುರಿದುಂಬಿಸಬೇಕು" ಅಂತ. ನಾನು ಇದನ್ನು ಒಪ್ಪುವುದಿಲ್ಲ. ಆ ಹುಡುಗನಿಗೆ ಆಸೆ ಎಷ್ಟಿತ್ತು ಅಂದರೆ, ಎಲ್ಲಿ ಕೈತಪ್ಪುತ್ತದೋ ಅನ್ನುವ ಭಯದಲ್ಲೇ ಅವನು ಮುಂದೆ ಹೋಗಿರಲಿಲ್ಲ. ಅವನಿಗೆ ಇರದಿದ್ದದ್ದು ದಾರಿ ಗೊತ್ತಿರುವ ಒಬ್ಬ ಮನುಷ್ಯ. ಕಾಲೇಜು ಕಂಡವರು ಇರುವ ಮನೆಗಳಲ್ಲಿ ಆ ಮನುಷ್ಯ ಊಟದ ಹೊತ್ತಿಗೆ ಪಕ್ಕದಲ್ಲೇ ಕೂತಿರುತ್ತಾನೆ. ಬೇರೆ ಮನೆಗಳ ಮಕ್ಕಳಿಗೆ ಅಂಥವರನ್ನು ನಾವೇ ಒದಗಿಸಬೇಕು.

ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳು ಮಾಡುವುದು ಏನು? ವರ್ಷಕ್ಕೊಮ್ಮೆ ಶಾಲೆಗೆ ಹೋಗಿ ಭಾಷಣ, ಒಂದಿಷ್ಟು ಬಣ್ಣದ ಕರಪತ್ರ, ಒಂದು ದಿನದ ಕ್ಯಾಂಪಸ್ ಭೇಟಿ. ಇವುಗಳಿಂದ ಕೆಡುಕೇನೂ ಇಲ್ಲ. ಆದರೆ ಬರೀ ಮಾಹಿತಿ ಕೊಟ್ಟರೆ ಎಷ್ಟು ದೂರ ಸಾಗುತ್ತದೆ ಅನ್ನುವುದನ್ನು ಅಳೆದು ನೋಡಿದವರಿದ್ದಾರೆ.

ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ಹಣಸಹಾಯ ಬೇಕು ಅಂದರೆ ಒಂದು ಉದ್ದದ ಅರ್ಜಿ ತುಂಬಬೇಕು. ಎರಿಕ್ ಬೆಟಿಂಜರ್, ಬ್ರಿಜೆಟ್ ಟೆರ್ರಿ ಲಾಂಗ್ ಮತ್ತು ಇನ್ನಿಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅದರ ವರದಿ 2012ರಲ್ಲಿ ಪ್ರಕಟವಾಯಿತು. ತೆರಿಗೆ ಲೆಕ್ಕ ಬರೆಸಲು ಎಚ್ ಅಂಡ್ ಆರ್ ಬ್ಲಾಕ್ ಅನ್ನುವ ಕಂಪನಿಯ ಕಚೇರಿಗೆ ಬಂದ ಕಡಿಮೆ ಆದಾಯದ ಕುಟುಂಬಗಳಲ್ಲಿ ಕೆಲವರಿಗೆ ಅಲ್ಲೇ ಕೂತು ಆ ಅರ್ಜಿಯನ್ನೂ ತುಂಬಿಸಿಕೊಟ್ಟರು. ಇನ್ನು ಕೆಲವರಿಗೆ ಎಷ್ಟು ಸಹಾಯ ಸಿಗಬಹುದು ಅನ್ನುವ ಲೆಕ್ಕ ಮತ್ತು ಮಾಹಿತಿ ಮಾತ್ರ ಕೊಟ್ಟರು. ಅರ್ಜಿ ತುಂಬಿಸಿಕೊಟ್ಟ ಮನೆಗಳಲ್ಲಿ, ಶಾಲೆಯ ಕೊನೆಯ ವರ್ಷದಲ್ಲಿದ್ದ ಮಕ್ಕಳ ಪೈಕಿ ಮುಂದಿನ ಮೂರು ವರ್ಷದೊಳಗೆ ಎರಡು ವರ್ಷದ ಕಾಲೇಜು ಓದು ಮುಗಿಸಿದವರು ಶೇ. 28ರಿಂದ ಶೇ. 36ಕ್ಕೆ ಏರಿದರು. ಮಾಹಿತಿ ಮಾತ್ರ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ನನ್ನ ಕೆಲಸದ ರೀತಿಯನ್ನೇ ಬದಲಿಸಿದ್ದು ಈ ಪ್ರಯೋಗ. ಈಗ ನಮ್ಮ ತಂಡ ಶಾಲೆಗೆ ಹೋದರೆ ಪ್ರೊಜೆಕ್ಟರ್ ಹಚ್ಚುವುದು ಕಡಿಮೆ, ಕುರ್ಚಿ ಎಳೆದುಕೊಂಡು ಮಕ್ಕಳ ಪಕ್ಕ ಕೂರುವುದು ಜಾಸ್ತಿ.

ಹಾಗಂತ ಕಾಗದ ಕಳಿಸುವುದೇ ದಂಡ ಅಂತಲೂ ಅಲ್ಲ. ಕಾಗದದಲ್ಲಿ ಏನಿದೆ, ಯಾರಿಗೆ ಹೋಗುತ್ತದೆ ಅನ್ನುವುದು ಮುಖ್ಯ. ಮಿಷಿಗನ್ ವಿಶ್ವವಿದ್ಯಾಲಯ 2015ರಲ್ಲಿ ತನ್ನ ರಾಜ್ಯದ ಬಡ ಮನೆಗಳ, ಚೆನ್ನಾಗಿ ಓದುವ ವಿದ್ಯಾರ್ಥಿಗಳಿಗೆ ನೇರವಾಗಿ ಪತ್ರ ಬರೆಯಲು ಶುರು ಮಾಡಿತು. 'ನಿನಗೆ ಪ್ರವೇಶ ಸಿಕ್ಕರೆ ನಾಲ್ಕು ವರ್ಷದ ಬೋಧನಾ ಶುಲ್ಕ ಪೂರ್ತಿ ಮಾಫಿ' ಅನ್ನುವುದೇ ಅದರ ತಿರುಳು. ತಂದೆತಾಯಿಗೂ, ಶಾಲೆಯ ಪ್ರಿನ್ಸಿಪಾಲರಿಗೂ ಬೇರೆ ಬೇರೆ ಪತ್ರ ಹೋದವು. ಪತ್ರ ಬಾರದವರಲ್ಲಿ ಅರ್ಜಿ ಹಾಕಿದವರು ಶೇ. 26, ಬಂದವರಲ್ಲಿ ಶೇ. 68. ಸೇರಿದವರು ಶೇ. 12ರಿಂದ ಶೇ. 27ಕ್ಕೆ ಏರಿದರು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಪತ್ರ ಬಾರದಿದ್ದರೂ ಅಷ್ಟೇ ಸಹಾಯ ಸಿಗುತ್ತಿತ್ತು. ಪತ್ರ ಕೊಟ್ಟದ್ದು ಖಾತ್ರಿಯನ್ನು. 'ಸಿಗಬಹುದು' ಅನ್ನುವುದನ್ನು 'ಸಿಗುತ್ತದೆ' ಅಂತ ಮಾಡಿತು. ಆದರೆ ಕಾಲೇಜು ಬೋರ್ಡ್ ಅನ್ನುವ ಪರೀಕ್ಷಾ ಸಂಸ್ಥೆ ಇಡೀ ದೇಶದ ಲಕ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಬರೀ ಮಾಹಿತಿಯ ಕಟ್ಟು ಕಳಿಸಿದಾಗ ಹೆಚ್ಚೇನೂ ಆಗಲಿಲ್ಲ. ದೂರದ ಸಂಸ್ಥೆಯ ಸಲಹೆಗೂ, ಸೇರಿಸಿಕೊಳ್ಳುವವರೇ ಕೊಡುವ ಮಾತಿಗೂ ತೂಕ ಬೇರೆ.

ಇನ್ನೊಂದು ವಿಷಯ, ಯಾವ ವಯಸ್ಸಿಗೆ ಶುರು ಮಾಡಬೇಕು ಅನ್ನುವುದು. ಶಾಲೆಯ ಕೊನೆಯ ವರ್ಷಕ್ಕೆ ನಾವು ಹೋಗುವಷ್ಟರಲ್ಲಿ ಎಷ್ಟೋ ಬಾಗಿಲು ಮುಚ್ಚಿ ಹೋಗಿರುತ್ತವೆ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಗಣಿತ ಕಷ್ಟ ಅಂತ ಹಗುರದ ವಿಷಯ ಆರಿಸಿಕೊಂಡ ಹುಡುಗಿಗೆ ಆಗ ಯಾರೂ ಹೇಳಿರುವುದಿಲ್ಲ, ಇದರಿಂದ ಎಂಜಿನಿಯರಿಂಗ್, ಅರ್ಥಶಾಸ್ತ್ರ, ಕಂಪ್ಯೂಟರ್ ಎಲ್ಲ ಒಟ್ಟಿಗೆ ಕೈತಪ್ಪುತ್ತವೆ ಅಂತ. ನಾಲ್ಕು ವರ್ಷದ ಮೇಲೆ ನಾನು ಹೋಗಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಆ ನಾಲ್ಕು ವರ್ಷ ವಾಪಸ್ ಬರುವುದಿಲ್ಲ. ಬಡ ಮಕ್ಕಳನ್ನು ಕಾಲೇಜಿಗೆ ಸಿದ್ಧ ಮಾಡಲು ಅಮೆರಿಕದಲ್ಲಿ 1998ರಲ್ಲಿ ಶುರುವಾದ ಗಿಯರ್ ಅಪ್ ಯೋಜನೆ ಇದನ್ನು ಅರ್ಥಮಾಡಿಕೊಂಡಿತ್ತು. ಅದು ಏಳನೇ ತರಗತಿಗಿಂತ ತಡ ಮಾಡದೆ ಶುರುವಾಗಬೇಕು. ಒಂದು ತರಗತಿಯ ಮಕ್ಕಳನ್ನು ಹಿಡಿದರೆ ಶಾಲೆ ಮುಗಿಯುವ ತನಕ ಆ ಗುಂಪಿನ ಜೊತೆಗೇ ಸಾಗಬೇಕು. ಕಾಲೇಜು ಮತ್ತು ಶಾಲೆ ಜೊತೆಗೂಡಿಯೇ ಕೆಲಸ ಮಾಡಬೇಕು ಅನ್ನುವುದು ಅದರ ಪಾಲುದಾರಿಕೆ ಅನುದಾನದ ನಿಯಮ.

ಯಾವ ಮಕ್ಕಳನ್ನು ಆರಿಸಬೇಕು ಅನ್ನುವುದರಲ್ಲೂ ನಾವು ಎಡವುತ್ತೇವೆ. "ನಿಮ್ಮ ಶಾಲೆಯ ಹತ್ತು ಜಾಣ ಮಕ್ಕಳನ್ನು ಕಳಿಸಿ" ಅಂತ ಶಾಲೆಗೆ ಪತ್ರ ಬರೆಯುತ್ತೇವೆ. ಶಾಲೆಯೂ ಹೇಗಾದರೂ ಕಾಲೇಜಿಗೆ ಹೋಗಿಯೇ ಹೋಗುವ ಹತ್ತು ಮಕ್ಕಳನ್ನು ಕಳಿಸುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹತ್ತರಲ್ಲಿ ಒಂಬತ್ತು ಮಕ್ಕಳು ಕಾಲೇಜು ಸೇರಿದರು ಅಂತ ವರದಿ ಬರೆಯುತ್ತೇವೆ. ಬಡ ಮನೆಗಳ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡಲು ಅಮೆರಿಕದಲ್ಲಿ 1964ರ ಕಾನೂನಿನಿಂದ ಹುಟ್ಟಿದ ಅಪ್‌ವರ್ಡ್ ಬೌಂಡ್ ಯೋಜನೆಯನ್ನು ಸಂಶೋಧಕರು ದೀರ್ಘಕಾಲ ಗಮನಿಸಿದಾಗ ಕಂಡದ್ದು ಇದೇ. ಒಟ್ಟಾರೆ ಸರಾಸರಿಯಲ್ಲಿ ದೊಡ್ಡ ಪರಿಣಾಮ ಇರಲಿಲ್ಲ. ಆದರೆ 'ನಾನು ಪದವಿ ತನಕ ಓದುತ್ತೇನೆ' ಅನ್ನುವ ನಂಬಿಕೆಯೇ ಇಲ್ಲದೆ ಬಂದ ಮಕ್ಕಳಲ್ಲಿ ಪರಿಣಾಮ ಎದ್ದು ಕಂಡಿತು. ಹಾಗಾಗಿ ನಾನೀಗ ಮೇಷ್ಟ್ರನ್ನು ಕೇಳುವುದೇ ಬೇರೆ. "ಓದಬಲ್ಲದು, ಆದರೆ ಈ ವರ್ಷವೇ ಬಿಟ್ಟುಹೋಗಬಹುದು ಅಂತ ನಿಮಗೆ ಅನ್ನಿಸುವ ಮಕ್ಕಳು ಯಾರು?" ಅಂತ. ಈ ಪ್ರಶ್ನೆಗೆ ಮೇಷ್ಟ್ರುಗಳು ಒಂದು ಕ್ಷಣವೂ ಯೋಚಿಸುವುದಿಲ್ಲ. ಪಟಪಟ ಅಂತ ಹೆಸರು ಹೇಳುತ್ತಾರೆ.

ಇಡೀ ಕೆಲಸದ ಕೀಲಿ ಇರುವುದು ಮೇಷ್ಟ್ರು, ಟೀಚರ್‌ಗಳ ಕೈಯಲ್ಲಿ. ನಾವು ವರ್ಷಕ್ಕೆ ಆರು ಸಲ ಹೋದರೆ ಅದೇ ದೊಡ್ಡದು. ಅವರು ದಿನಾ ಅಲ್ಲೇ ಇರುತ್ತಾರೆ. ಆದರೆ ಅವರು ಓದಿ ಇಪ್ಪತ್ತು ವರ್ಷ ಆಗಿರುತ್ತದೆ. ಆಮೇಲೆ ಕೋರ್ಸುಗಳ ಹೆಸರು ಬದಲಾಗಿವೆ, ಪ್ರವೇಶದ ನಿಯಮ ಬದಲಾಗಿವೆ, ಹಣಸಹಾಯದ ದಾರಿ ಬದಲಾಗಿದೆ. ವರ್ಷಕ್ಕೊಮ್ಮೆ ಎರಡು ದಿನ ಅವರನ್ನು ಕರೆದು, ಅರ್ಜಿಯ ಒಂದೊಂದೇ ಕಾಲಂ ಅವರ ಕೈಯಿಂದಲೇ ತುಂಬಿಸಿ ನೋಡಬೇಕು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲೇ ಮಕ್ಕಳೂ ನಿಲ್ಲುತ್ತಾರೆ. ಮತ್ತೆ, ಈ ಎರಡು ದಿನಕ್ಕೆ ಅವರ ಪಾಠದ ಹೊರೆ ಇಳಿಸಬೇಕು, ಓಡಾಟದ ಖರ್ಚು ವಿಶ್ವವಿದ್ಯಾಲಯವೇ ಕೊಡಬೇಕು. ಮೇಷ್ಟ್ರ ಭಾನುವಾರವನ್ನು ನಾವು ಪುಕ್ಕಟೆ ಕೇಳಬಾರದು.

ಪಾಠದ ಮೂಲಕವೂ ಈ ಎರಡು ಲೋಕ ಹತ್ತಿರ ಬರುತ್ತವೆ. ಇಂಗ್ಲೆಂಡಿನಲ್ಲಿ 2011ರಲ್ಲಿ ಶುರುವಾದ ಬ್ರಿಲಿಯಂಟ್ ಕ್ಲಬ್ ಅನ್ನುವ ಸಂಸ್ಥೆ ಪಿಎಚ್‌ಡಿ ಮಾಡುವವರನ್ನು ಶಾಲೆಗೆ ಕಳಿಸುತ್ತದೆ. ಅವರು ಸಣ್ಣ ಗುಂಪಿಗೆ ತಮ್ಮ ಸಂಶೋಧನೆಯ ವಿಷಯವನ್ನೇ ಪಾಠ ಮಾಡುತ್ತಾರೆ. ಕೊನೆಗೆ ಮಕ್ಕಳು ಬರೆದ ಪ್ರಬಂಧವನ್ನು ವಿಶ್ವವಿದ್ಯಾಲಯದ ರೀತಿಯಲ್ಲೇ ಮೌಲ್ಯಮಾಪನ ಮಾಡುತ್ತಾರೆ. ನ್ಯೂಯಾರ್ಕಿನಲ್ಲಿ ಬಾರ್ಡ್ ಕಾಲೇಜು 2001ರಲ್ಲಿ ತೆರೆದ ಸಾರ್ವಜನಿಕ ಪ್ರೌಢಶಾಲೆ ಇನ್ನೂ ಮುಂದೆ ಹೋಗಿದೆ. ಅಲ್ಲಿ ಮಕ್ಕಳು ಶಾಲೆ ಮುಗಿಸುವಷ್ಟರಲ್ಲಿ ಕಾಲೇಜಿನ ಎರಡು ವರ್ಷದ ಓದನ್ನೂ ಮುಗಿಸಬಹುದು. ಎಲ್ಲ ಕಡೆ ಇಷ್ಟು ಸಾಧ್ಯವಿಲ್ಲ. ಆದರೂ ಶಾಲೆಯಲ್ಲಿದ್ದಾಗಲೇ ಕಾಲೇಜಿನ ಒಂದು ಪೇಪರ್ ಪಾಸ್ ಮಾಡಿದ ಮಗುವಿಗೆ 'ನನ್ನಿಂದ ಆಗುತ್ತದಾ?' ಅನ್ನುವ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ.

ತಂದೆತಾಯಿಯ ವಿಷಯ ಹೇಳಲೇಬೇಕು. ಒಮ್ಮೆ ಪೋಷಕರನ್ನು ಕ್ಯಾಂಪಸ್‌ಗೆ ಕರೆಸಿದ್ದೆವು. ಪ್ರಯೋಗಾಲಯ, ಗ್ರಂಥಾಲಯ, ನಮ್ಮ ಸಾಧನೆ ಅಂತ ಒಂದು ಗಂಟೆ ಹೇಳಿದೆವು. ಕೊನೆಯಲ್ಲಿ ಹಿಂದಿನ ಸಾಲಿನ ಒಬ್ಬ ತಾಯಿ ಎದ್ದು ನಿಂತು, "ಹಾಸ್ಟೆಲ್ ಗೇಟು ರಾತ್ರಿ ಎಷ್ಟು ಗಂಟೆಗೆ ಹಾಕ್ತೀರಿ? ಹುಷಾರಿಲ್ಲ ಅಂದರೆ ನನ್ನ ಮಗಳು ಯಾರನ್ನ ಎಬ್ಬಿಸಬೇಕು?" ಅಂತ ಕೇಳಿದರು. ವಾರ್ಡನ್ ಅವರನ್ನು ಅಲ್ಲಿಗೇ ಕರೆಸಿದೆವು. ಆ ತಾಯಿ ಆಮಂತ್ರಣದ ಕಾಗದದ ಹಿಂದೆ ವಾರ್ಡನ್ ಫೋನ್ ನಂಬರ್ ಬರೆದುಕೊಂಡು, ಒಂದು ಸಲ ರಿಂಗ್ ಮಾಡಿ ನೋಡಿ, ಆಮೇಲೆ ಕೂತರು. ಈಗ ಪೋಷಕರ ಸಭೆಯಲ್ಲಿ ಮೊದಲು ಮಾತಾಡುವುದು ವಾರ್ಡನ್.

ನಿಯಮ ಬದಲಾದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅನ್ನುವವರೂ ಇದ್ದಾರೆ. ಟೆಕ್ಸಾಸ್‌ನಲ್ಲಿ 1997ರಲ್ಲಿ ಒಂದು ಕಾನೂನು ಬಂತು. ಯಾವುದೇ ಪ್ರೌಢಶಾಲೆಯಿರಲಿ, ತರಗತಿಯ ಮೇಲಿನ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಖಚಿತ ಅಂತ ಆಗ ಆಯಿತು. ಒಳ್ಳೆಯ ನಿಯಮವೇ. ಆದರೂ ಹಿಂದೆಂದೂ ಯಾರನ್ನೂ ಕಳಿಸದ ಶಾಲೆಗಳಿಂದ ಮಕ್ಕಳು ತಾವಾಗಿಯೇ ಬಂದುಬಿಡಲಿಲ್ಲ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಅಂಥ ಶಾಲೆಗಳನ್ನು ಗುರುತಿಸಿ, 1999ರಿಂದ ಅವುಗಳಿಗೇ ಮೀಸಲಾದ ವಿದ್ಯಾರ್ಥಿವೇತನ ಶುರು ಮಾಡಬೇಕಾಯಿತು. ಬಾಗಿಲು ತೆರೆದ ಮೇಲೂ ಮನೆ ತನಕ ಹೋಗಿ ಕರೆಯಬೇಕಾಗುತ್ತದೆ.

ಪ್ರವೇಶ ಸಿಕ್ಕ ಮೇಲೂ ಒಂದು ಕಂದಕ ಇದೆ. ಶಾಲೆ ಮುಗಿದು ಕಾಲೇಜು ಶುರುವಾಗುವ ನಡುವಿನ ರಜೆಯಲ್ಲಿ ಆ ಮಗು ಇತ್ತ ಶಾಲೆಯದೂ ಅಲ್ಲ, ಅತ್ತ ನಮ್ಮದೂ ಅಲ್ಲ. ಠೇವಣಿಯ ಗಡುವು, ದಾಖಲೆಗಳ ಪರಿಶೀಲನೆ, ಒಂದೊಂದು ಕಾಗದದಲ್ಲಿ ಒಂದೊಂದು ಥರ ಬರೆದ ಹೆಸರು, ಎಲ್ಲ ತೊಡಕೂ ಆಗಲೇ ಬರುತ್ತದೆ. ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿದರು. ಕಾಲೇಜು ಸೇರಲು ಸಿದ್ಧವಾಗಿದ್ದವರಲ್ಲಿ ಶೇ. 10ರಿಂದ 20ರಷ್ಟು ಮಕ್ಕಳು ಆ ಬೇಸಿಗೆಯಲ್ಲೇ ಕಳಚಿಹೋಗುತ್ತಾರೆ. ಬಡ ಮನೆಗಳ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. ನಮ್ಮಲ್ಲಿ ಈಗ ಆ ಎರಡು ತಿಂಗಳು ಎರಡನೇ ವರ್ಷದ ವಿದ್ಯಾರ್ಥಿಗಳು, ಅದೂ ಅದೇ ಶಾಲೆಯಿಂದ ಬಂದವರು, ವಾರಕ್ಕೊಮ್ಮೆ ಹೊಸಬರಿಗೆ ಫೋನ್ ಮಾಡುತ್ತಾರೆ. ಈ ಕೆಲಸಕ್ಕೆ ಅವರಿಗೆ ಸಂಬಳ ಇದೆ. ಅಕ್ಕನಂತೆ, ಅಣ್ಣನಂತೆ ಮಾತಾಡುವವರ ಹತ್ತಿರ ಮಕ್ಕಳು "ದುಡ್ಡು ಹೊಂದಿಸೋಕೆ ಆಗ್ತಿಲ್ಲ" ಅಂತ ಬಾಯಿಬಿಟ್ಟು ಹೇಳುತ್ತಾರೆ. ನನ್ನ ಹತ್ತಿರ ಹೇಳುವುದಿಲ್ಲ.

ಇಷ್ಟೆಲ್ಲ ಕಟ್ಟಲು ಬೇಕಾಗುವುದು ವರ್ಷಗಳು. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯ, ಕಾಲೇಜು, ಶಾಲೆಗಳನ್ನು ಒಟ್ಟು ಸೇರಿಸಿದ್ದ ಏಮ್‌ಹೈಯರ್ ಯೋಜನೆ 2004ರಲ್ಲಿ ಬಂತು, 2011ರಲ್ಲಿ ಸರ್ಕಾರದ ಹಣ ನಿಂತು ಮುಗಿಯಿತು. ಅಷ್ಟು ದೊಡ್ಡ ಮಟ್ಟದ ಜಂಟಿ ಯೋಜನೆ ಮತ್ತೆ ಬಂದದ್ದು 2017ರಲ್ಲಿ. ಆರು ವರ್ಷ ಅಂದರೆ ಒಂದು ಮಗು ಹನ್ನೆರಡರಿಂದ ಹದಿನೆಂಟಾಗುವ ಕಾಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಪ್ರವೇಶ ಕಾರ್ಯಕ್ರಮ ಮಾತ್ರ 1993ರಿಂದ ಶಾಲೆಗಳ ಕೈಬಿಡದೆ ನಡೆದುಕೊಂಡು ಬಂದಿದೆ. ಒಂದು ವರ್ಷದ ಯೋಜನೆ ಹಿಡಿದುಕೊಂಡು ಬರುವವರನ್ನು ಶಾಲೆಗಳು ನಂಬುವುದಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬಾರದ್ದನ್ನು ಅವರು ತುಂಬ ಸಲ ನೋಡಿದ್ದಾರೆ.

ಆದ್ದರಿಂದ ಒಪ್ಪಂದ ಬರೆಯುವಾಗ ನಾನು ಮೂರು ವಿಷಯಕ್ಕೆ ಪಟ್ಟು ಹಿಡಿಯುತ್ತೇನೆ. ಕಡಿಮೆ ಅಂದರೂ ಐದು ವರ್ಷದ ಹಣ ಮೊದಲೇ ತೆಗೆದಿಟ್ಟಿರಬೇಕು. ಪ್ರತಿ ಶಾಲೆಗೂ ನಮ್ಮ ಕಡೆಯಿಂದ ಹೆಸರು ಗೊತ್ತಿರುವ ಒಬ್ಬ ವ್ಯಕ್ತಿ ಇರಬೇಕು, ಅವರು ಬದಲಾದರೆ ಹೊಸಬರನ್ನು ಹಳಬರೇ ಶಾಲೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಬೇಕು. ಮಗು ನಮ್ಮ ವಿಶ್ವವಿದ್ಯಾಲಯ ಬಿಟ್ಟು ಬೇರೆ ಕಡೆ ಸೇರಿದರೂ ಅದನ್ನು ಗೆಲುವು ಅಂತಲೇ ಎಣಿಸಬೇಕು. ಈ ಮೂರನೆಯದಕ್ಕೆ ಸಹಿ ಹಾಕಿಸಿಕೊಳ್ಳುವುದೇ ಕಷ್ಟ. ಸೀಟು ತುಂಬುವ ಚಿಂತೆ ಯಾರಿಗೆ ಇರುವುದಿಲ್ಲ? ಆದರೆ ನಾವು ಬರೀ ನಮ್ಮ ಸೀಟಿನ ಸಲುವಾಗಿ ಬಂದಿದ್ದೇವೆ ಅಂತ ಮೇಷ್ಟ್ರಿಗೆ ಗೊತ್ತಾದ ದಿನ ಅವರು ಹೆಸರು ಹೇಳುವುದನ್ನು ನಿಲ್ಲಿಸುತ್ತಾರೆ.

ಆ ಹುಡುಗ ಅವತ್ತು ಎರಡನೇ ಆಯ್ಕೆ ತುಂಬಿದ. ಕೊನೆಗೆ ಅವನು ಬಯಸಿದ ಕೋರ್ಸೇ ಸಿಕ್ಕಿತು, ಆದರೆ ನಮ್ಮಲ್ಲಲ್ಲ, ಬೇರೊಂದು ವಿಶ್ವವಿದ್ಯಾಲಯದಲ್ಲಿ. ನಮ್ಮ ಅರ್ಜಿಯಲ್ಲಿ ಆ ಕಾಲಂ ಕೆಳಗೆ ಈಗ ಒಂದು ಸಾಲು ಇದೆ: 'ಮೊದಲ ಆಯ್ಕೆ ಸಿಗದಿದ್ದರೆ ಮಾತ್ರ ಇದನ್ನು ಪರಿಗಣಿಸಲಾಗುತ್ತದೆ.' ಅದರ ಪಕ್ಕ ಒಂದು ಫೋನ್ ನಂಬರ್. ಅರ್ಜಿಯ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಅದನ್ನು ಎತ್ತುವವರಿರುತ್ತಾರೆ.