ಬರೀ ಗಿಟಾರ್ ಜೊತೆ ಹಾಡಿದ ಪ್ರೇಮಗೀತೆ ಯಾಕಷ್ಟು ತಟ್ಟುತ್ತದೆ?

ಓದುಗರ ಪ್ರಶ್ನೆ: “ಸಿನಿಮಾದಲ್ಲಿ ಎಷ್ಟೋ ಸಲ ಕೇಳಿದ ಹಾಡು. ಆಗೆಲ್ಲ ಸುಮ್ನೆ ಕೇಳಿ ಬಿಟ್ಟಿದ್ದೆ. ಮೊನ್ನೆ ಯಾರೋ ಬರೀ ಗಿಟಾರ್ ಹಿಡಿದು ಅದನ್ನೇ ಮೆಲ್ಲಗೆ ಹಾಡಿದ್ದು ಕೇಳಿ ಕಣ್ಣು ತುಂಬಿ ಬಂತು. ರಾಗ ಅದೇ, ಮಾತೂ ಅದೇ. ಹಾಗಾದರೆ ಬದಲಾಗಿದ್ದು ಏನು?”

ಬದಲಾಗಿದ್ದು ದೂರ. ಹಾಡುವವರು ನಿಮ್ಮಿಂದ ಎಷ್ಟು ದೂರ ಕೂತಿದ್ದಾರೆ ಅಂತ ಕಿವಿ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿರುತ್ತದೆ. ‘ನೀನಿಲ್ಲದೆ ನನಗಾಗದು’ ಅನ್ನುವ ಮಾತನ್ನು ಯಾರೂ ಗದ್ದೆಯ ಆಚೆ ಬದಿಯಿಂದ ಕೂಗಿ ಹೇಳುವುದಿಲ್ಲ, ಅಲ್ವಾ? ಪಕ್ಕದಲ್ಲಿ ಕೂತು, ಒಬ್ಬರಿಗೆ ಕೇಳುವಷ್ಟೇ ದನಿಯಲ್ಲಿ ಹೇಳುತ್ತಾರೆ. ಪಿಟೀಲು, ಡ್ರಮ್ಸ್, ಕೋರಸ್ ಎಲ್ಲ ಸೇರಿದಾಗ ಅದು ಊರಿಗೇ ಹೇಳಿದ ಮಾತಾಗುತ್ತದೆ. ಅವೆಲ್ಲ ಎದ್ದು ಹೋದಾಗ ನಿಮಗೆ ಹೇಳಿದ್ದಾಗುತ್ತದೆ.

ನನಗೆ ಇದು ಚೆನ್ನಾಗಿ ತಿಳಿದದ್ದು ಕಕ್ಕಡದ, ಅಂದರೆ ಕೊಡಗಿನ ಜೋರು ಮಳೆ ತಿಂಗಳಿನ, ಒಂದು ಸಂಜೆ, ಮಡಿಕೇರಿ ಹತ್ತಿರದ ಗೆಳೆಯರೊಬ್ಬರ ಮನೆಯಲ್ಲಿ. ಶೀಟ್ ಹೊದಿಸಿದ ಮನೆ. ಮಳೆ ಬಿದ್ದರೆ ಎದುರಿಗಿದ್ದವರ ಮಾತೂ ಕೇಳದು. ಅವರ ನೆಂಟರ ಹುಡುಗಿ ಗಿಟಾರ್ ತೆಗೆದು ಒಂದು ಹಳೆಯ ಪ್ರೇಮಗೀತೆ ಶುರು ಮಾಡಿದಳು. ನಮಗೆ ಏನೂ ಕೇಳಿಸಲಿಲ್ಲ. ಅವಳು ದನಿ ಏರಿಸಲಿಲ್ಲ. ನಾವೇ ಒಬ್ಬೊಬ್ಬರಾಗಿ ಕುರ್ಚಿ ಎಳೆದುಕೊಂಡು ಹತ್ತಿರ ಹೋದೆವು. ಎರಡನೇ ಚರಣಕ್ಕೆ ಬರುವಾಗ ಮಳೆ ಸ್ವಲ್ಪ ಬಿಟ್ಟಿತು. ಸಾಲಿಗೆ ಮೊದಲು ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಬೆರಳು ತಂತಿಯ ಮೇಲೆ ಜಾರುವಾಗಿನ ಕೀರಲು ಸದ್ದು ಕೇಳಿಸಿತು. ಒಂದು ಪದದ ಕೊನೆಯಲ್ಲಿ ದನಿ ತುಸು ಒಡೆಯಿತು. ಅದನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಹಾಡು ಮುಗಿದ ಮೇಲೆ ನಮ್ಮಲ್ಲಿ ಯಾರೂ ತಕ್ಷಣ ಮಾತಾಡಲಿಲ್ಲ.

ಆ ಮಳೆ ಮಾಡಿದ ಕೆಲಸವನ್ನೇ ದೊಡ್ಡ ವಾದ್ಯವೃಂದವೂ ಮಾಡುತ್ತದೆ. ಜೋರಾದ ಸದ್ದು ಸಣ್ಣ ಸದ್ದನ್ನು ಮುಚ್ಚಿಹಾಕುತ್ತದೆ. ಎರಡರ ಸ್ವರಮಟ್ಟ ಹತ್ತಿರ ಇದ್ದರೆ ಇನ್ನೂ ಜಾಸ್ತಿ. ಪಿಟೀಲು, ಕೀಬೋರ್ಡ್ ಎಲ್ಲ ಮನುಷ್ಯನ ದನಿ ಇರುವ ಜಾಗಕ್ಕೇ ಬಂದು ಕೂರುತ್ತವೆ. ಮೊದಲು ಕಾಣೆಯಾಗುವುದು ಸ, ಶ, ತ, ಕ ಮುಂತಾದ ವ್ಯಂಜನಗಳ ಸಣ್ಣ ಸದ್ದು. ಆಮೇಲೆ ಉಸಿರು. ಒಬ್ಬರ ಉಸಿರು ಕೇಳಬೇಕಾದರೆ ಅವರು ಕೈಗೆಟುಕುವಷ್ಟು ಹತ್ತಿರ ಇರಬೇಕು. ಹುಟ್ಟಿದಾಗಿನಿಂದ ನಾವು ಕಲಿತದ್ದು ಅದು. ಹಾಗಾಗಿ ಇಯರ್‌ಫೋನಿನಲ್ಲಿ ಉಸಿರು ಕೇಳಿದರೂ ಆ ವ್ಯಕ್ತಿ ಪಕ್ಕದಲ್ಲೇ ಇದ್ದ ಹಾಗೆ ಅನಿಸುತ್ತದೆ.

ಇಲ್ಲೊಂದು ವಿಚಾರ ನನಗೆ ತುಂಬ ಇಷ್ಟ. ಈ ಮೆಲುದನಿ ‘ಹಳೇ ಕಾಲದ ಸರಳತೆ’ ಅಂತ ಜನ ಹೇಳುತ್ತಾರೆ. ಆದರೆ ರೆಕಾರ್ಡಿನಲ್ಲಿ ಇದನ್ನು ಸಾಧ್ಯ ಮಾಡಿದ್ದು ಯಂತ್ರ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ರೆಕಾರ್ಡ್ ಮಾಡಿದಾಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಳಗೆ ದನಿ ಎತ್ತಿ ಹಾಡಬೇಕಿತ್ತು. ಪಿಸುಗುಟ್ಟಿದರೆ ತಟ್ಟೆಯ ಮೇಲೆ ಏನೂ ಮೂಡುತ್ತಿರಲಿಲ್ಲ. 1925ರಲ್ಲಿ ಮೈಕ್ ಬಳಸಿ ರೆಕಾರ್ಡ್ ಮಾಡುವುದು ಶುರುವಾಯಿತು. ಆಗಲೇ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿಯಂಥವರು ಮೈಕಿಗೆ ಬಾಯಿ ಹತ್ತಿರ ತಂದು, ಕಿವಿಯಲ್ಲಿ ಹೇಳಿದ ಹಾಗೆ ಹಾಡತೊಡಗಿದ್ದು. ವೇದಿಕೆಯ ಮಾಮೂಲಿ ಮೈಕಿಗೆ ಒಂದು ಗುಣ ಇದೆ. ಬಾಯಿ ಹತ್ತಿರ ಬಂದಷ್ಟೂ ದನಿಯ ಕೆಳಸ್ವರ ದಪ್ಪವಾಗುತ್ತದೆ. ನಿಮಗೆ ‘ಬೆಚ್ಚಗಿದೆ’ ಅನಿಸಿದ್ದರಲ್ಲಿ ಅದರ ಪಾಲೂ ಇದೆ. ಎಂಟಿವಿ ಚಾನೆಲ್ ‘ಅನ್‌ಪ್ಲಗ್ಡ್’ ಅನ್ನುವ ಹೆಸರಲ್ಲಿ ಇಂಥ ಮೆಲುವಾದ್ಯದ ಹಾಡಿನ ಕಾರ್ಯಕ್ರಮ ಶುರು ಮಾಡಿದ್ದು 1989ರಲ್ಲಿ, ತುಂಬ ತಡವಾಗಿ.

ಕೊಡಗಿನವರಿಗೆ ಇದು ಹೊಸತೇನಲ್ಲ. ಮದುವೆಮನೆಯಲ್ಲಿ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ನಾಲ್ವರು ಕೂತು ಹಾಡುವುದನ್ನು ಕೇಳಿದ್ದೀರಲ್ಲ. ಅವು ಪ್ರೇಮಗೀತೆಗಳಲ್ಲ ನಿಜ. ಆದರೆ ಅಲ್ಲಿ ದುಡಿ ತಾಳ ಹಿಡಿದು ಕೊಡುತ್ತದೆ ಅಷ್ಟೇ, ಮಾತಿನ ಮೇಲೆ ಏರುವುದಿಲ್ಲ. ಮಾತು ಮುಖ್ಯ ಆದ ಕಡೆ ವಾದ್ಯ ತಾನಾಗಿ ಹಿಂದೆ ಸರಿಯುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಅಂಥ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅನ್ನುವ ಪುಸ್ತಕ ತಂದರು. ವಾದ್ಯ ಏನೂ ಇಲ್ಲದ ಪುಟದ ಮೇಲೂ ಆ ಸಾಲುಗಳು ನಿಂತಿವೆ. ಮಾತಿಗೆ ಅಷ್ಟು ಬಲ ಇತ್ತು.

ಹಾಗಂತ ವಾದ್ಯ ತೆಗೆದ ಕೂಡಲೇ ಎಲ್ಲ ಹಾಡೂ ಚೆನ್ನಾಗಿ ಆಗುವುದಿಲ್ಲ. ಈಗ ಬರುವ ಎಷ್ಟೋ ಕವರ್ ಹಾಡುಗಳಲ್ಲಿ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿದ್ದರಲ್ಲಿ, ಲಯ ಅರ್ಧಕ್ಕೆ ಇಳಿಸಿ, ದನಿಗೆ ಗಾಳಿ ತುಂಬಿ, ಪದಗಳನ್ನು ನುಂಗಿ ಹಾಡುತ್ತಾರೆ. ಪದ ಕೇಳದಿದ್ದರೆ ವಾದ್ಯ ಬಿಟ್ಟು ಏನು ಬಂತು? ನನಗೆ ಅದು ಬೇಸರದ ವಿಷಯ. ಇನ್ನು ಸಾಹಿತ್ಯವೇ ಜೊಳ್ಳಾದ ಹಾಡು ಗಿಟಾರ್ ಎದುರು ಬೇಗ ಸಿಕ್ಕಿಬೀಳುತ್ತದೆ. ಶ್ರುತಿ ತಪ್ಪಿದರೆ ಅಡಗಲು ಜಾಗ ಇಲ್ಲ. ಮೆಲ್ಲಗೆ ಹಾಡಿ ಶ್ರುತಿ ಹಿಡಿದು ನಿಲ್ಲುವುದು ಜೋರಾಗಿ ಹಾಡುವುದಕ್ಕಿಂತ ಕಷ್ಟ. ಹಾಡಲು ಕೂತವರನ್ನು ಕೇಳಿ ನೋಡಿ.

ನಿಮ್ಮ ಹಾಡಿಗೇ ಬರುತ್ತೇನೆ. ಇವತ್ತು ರಾತ್ರಿ ಸಿನಿಮಾದ್ದನ್ನು ಇನ್ನೊಮ್ಮೆ ಹಾಕಿ. ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಇರಲಿ, ವಾಲ್ಯೂಮ್ ಕಮ್ಮಿ ಇರಲಿ. ಮೊನ್ನೆ ನಿಮ್ಮ ಕಣ್ಣು ತುಂಬಿದ ಸಾಲು ಬರುವಾಗ ಪಿಟೀಲುಗಳ ಹಿಂದೆ ಗಾಯಕರ ದನಿಯನ್ನಷ್ಟೇ ಹುಡುಕಿ. ಆ ಉಸಿರು ಅಲ್ಲೂ ಇರಬಹುದು.