ಚೆಕ್‌ಸಮ್: ಇಳಿಸಿಕೊಂಡ ಕಡತವನ್ನು ಲಿನಕ್ಸ್‌ನಲ್ಲಿ ತಾಳೆ ನೋಡುವುದು

ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಜಾಲತಾಣದಲ್ಲಿ ಡೌನ್‌ಲೋಡ್ ಫೋಲ್ಡರನ್ನು ತೆರೆದು ನೋಡಿದರೆ, ಗಿಗಾಬೈಟ್‌ಗಟ್ಟಲೆ ಗಾತ್ರದ ಐಎಸ್‌ಒ ಕಡತಗಳ (ಲಿನಕ್ಸ್ ಸ್ಥಾಪಿಸಲು ಬಳಸುವ ಡಿಸ್ಕ್ ಪ್ರತಿಗಳ) ಜೊತೆಯಲ್ಲೇ ‘ಎಸ್‌ಎಚ್‌ಎ256ಸಮ್ಸ್’ ಎಂಬ ಹೆಸರಿನ, ಕೆಲವೇ ಸಾಲುಗಳ ಒಂದು ಪಠ್ಯ ಕಡತವೂ ಇರುತ್ತದೆ. ಅದರ ಪ್ರತಿ ಸಾಲಿನಲ್ಲಿ ಮೊದಲು 64 ಅಂಕಿ-ಅಕ್ಷರಗಳ ಒಂದು ಸರಣಿ, ಅದರ ಮುಂದೆ ಒಂದು ಐಎಸ್‌ಒ ಕಡತದ ಹೆಸರು ಕಾಣುತ್ತದೆ. ಆ ಸರಣಿಯೇ ಚೆಕ್‌ಸಮ್. ಕಡತದಲ್ಲಿರುವ ಅಷ್ಟೂ ಬೈಟುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎಲ್ಲರಿಗೂ ತಿಳಿದಿರುವ ಒಂದು ಗಣಿತ ವಿಧಾನದ ಮೂಲಕ ಹಾಯಿಸಿದಾಗ ಹೊರಬರುವ ನಿಗದಿತ ಉದ್ದದ ಸಂಖ್ಯೆ ಅದು. ಎಸ್‌ಎಚ್‌ಎ-256 ವಿಧಾನದಲ್ಲಿ ಅದರ ಉದ್ದ 256 ಬಿಟ್. ಕಡತ ಒಂದು ಸಾಲಿನದ್ದಾಗಿರಲಿ, ಐದು ಗಿಗಾಬೈಟಿನದ್ದಾಗಿರಲಿ, ಈ ಉದ್ದ ಬದಲಾಗುವುದಿಲ್ಲ. ಕಡತದ ಹೆಸರಾಗಲಿ, ದಿನಾಂಕವಾಗಲಿ ಲೆಕ್ಕಕ್ಕೆ ಬರುವುದಿಲ್ಲ, ಒಳಗಿನ ಬೈಟುಗಳು ಮಾತ್ರ ಬರುತ್ತವೆ.

ಒಂದೇ ಕಡತಕ್ಕೆ ಯಾವ ಯಂತ್ರದಲ್ಲಿ, ಯಾವಾಗ ಲೆಕ್ಕ ಹಾಕಿದರೂ ಒಂದೇ ಉತ್ತರ ಬರುತ್ತದೆ. ಆದರೆ ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಉತ್ತರದ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗಿ, ಎರಡೂ ಸರಣಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ. ಏನೂ ಇಲ್ಲದ ಖಾಲಿ ಕಡತಕ್ಕೂ ಒಂದು ಚೆಕ್‌ಸಮ್ ಇದೆ: ಎಸ್‌ಎಚ್‌ಎ-256ರಲ್ಲಿ ಅದು ಯಾವಾಗಲೂ ‘ಇ3ಬಿ0ಸಿ442’ ಎಂದೇ ಆರಂಭವಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳುವುದು ಉಪಯುಕ್ತ, ಏಕೆಂದರೆ ಡೌನ್‌ಲೋಡ್ ಆದಂತೆ ತೋರಿದ ಕಡತಕ್ಕೆ ಈ ಉತ್ತರ ಬಂದರೆ, ಡಿಸ್ಕ್‌ಗೆ ಒಂದು ಬೈಟೂ ಬಂದಿಲ್ಲವೆಂದು ತಕ್ಷಣ ಗೊತ್ತಾಗುತ್ತದೆ.

ತಾಳೆ ನೋಡಲು ಬೇಕಾದ ಉಪಕರಣಗಳು ಗ್ನೂ ಕೋರ್‌ಯುಟಿಲ್ಸ್ ಎಂಬ ಮೂಲ ಆದೇಶಗಳ ಸಂಗ್ರಹದ ಭಾಗವಾಗಿ ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳಲ್ಲಿ ಮೊದಲೇ ಇರುತ್ತವೆ. ಟರ್ಮಿನಲ್‌ನಲ್ಲಿ ‘ಎಸ್‌ಎಚ್‌ಎ256ಸಮ್’ ಎಂಬ ಆದೇಶದ ಮುಂದೆ ಕಡತದ ಹೆಸರನ್ನು ಕೊಟ್ಟರೆ 64 ಅಕ್ಷರಗಳು ಮೂಡುತ್ತವೆ. ಅವನ್ನು ಕಣ್ಣಳತೆಯಲ್ಲಿ ಹೋಲಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರಗಳನ್ನಷ್ಟೇ ನೋಡಿ ಸರಿಯಿದೆ ಎಂದುಕೊಳ್ಳುವುದು ಬಹಳ ಸುಲಭ. ಅದೇ ಆದೇಶಕ್ಕೆ ‘ಹೈಫನ್ ಸಿ’ ಸೇರಿಸಿ, ಪ್ರಕಟಿತ ಪಟ್ಟಿಯ ಕಡತವನ್ನು ಕೊಟ್ಟರೆ ಹೋಲಿಕೆಯ ಕೆಲಸವನ್ನು ಯಂತ್ರವೇ ಮಾಡಿ, ಪ್ರತಿ ಹೆಸರಿನ ಮುಂದೆ ‘ಓಕೆ’ ಅಥವಾ ‘ಫೇಲ್ಡ್’ ಎಂದು ತಿಳಿಸುತ್ತದೆ. ಪಟ್ಟಿಯಲ್ಲಿ ಹತ್ತು ಹೆಸರಿದ್ದು ನಮ್ಮ ಬಳಿ ಒಂದೇ ಕಡತವಿದ್ದರೆ ‘ಇಗ್ನೋರ್ ಮಿಸ್ಸಿಂಗ್’ ಆಯ್ಕೆಯನ್ನು ಬಳಸಬೇಕು. ಬ್ರೌಸರ್ ಎರಡನೆಯ ಬಾರಿ ಇಳಿಸಿದ ಕಡತದ ಹೆಸರಿಗೆ ಆವರಣದೊಳಗೆ 1 ಎಂದು ಸೇರಿಸಿಬಿಟ್ಟಿದ್ದರೆ, ಪಟ್ಟಿಯಲ್ಲಿರುವ ಹೆಸರಿನ ಕಡತ ಸಿಗದೆ ದೂರು ಬರುತ್ತದೆ. ಅದು ಕಡತ ಕೆಟ್ಟಿರುವುದರ ಸೂಚನೆಯಲ್ಲ, ಹೆಸರನ್ನು ಸರಿಪಡಿಸಿದರೆ ಸಾಕು. ‘ಫೇಲ್ಡ್’ ಎಂದು ಬಂದಾಗಲೂ ಹೆಚ್ಚಿನ ವೇಳೆ ಕಾರಣ ಅರ್ಧಕ್ಕೆ ನಿಂತ ಡೌನ್‌ಲೋಡ್ ಅಥವಾ ಬೇರೆ ಆವೃತ್ತಿಯ ಪಟ್ಟಿ. ಆದರೂ ಕಾರಣ ತಿಳಿಯುವವರೆಗೆ ಆ ಕಡತವನ್ನು ಪೆನ್‌ಡ್ರೈವ್‌ಗೆ ಬರೆಯಬಾರದು.

ಯಾವ ವಿಧಾನದ ಚೆಕ್‌ಸಮ್ ಎಂಬುದೂ ಮುಖ್ಯ. 32 ಅಕ್ಷರಗಳ ಎಂಡಿ5 ಹಲವು ತಾಣಗಳಲ್ಲಿ ಈಗಲೂ ಕಾಣಸಿಗುತ್ತದೆ, ಆದರೆ ಒಂದೇ ಎಂಡಿ5 ಬರುವ ಎರಡು ಬೇರೆ ಬೇರೆ ಕಡತಗಳನ್ನು ಬೇಕೆಂದೇ ತಯಾರಿಸಬಹುದೆಂದು ಶಿಯಾವೊಯುನ್ ವಾಂಗ್ ಮತ್ತು ಅವರ ಸಂಗಡಿಗರು 2004ರಲ್ಲೇ ತೋರಿಸಿದರು. 40 ಅಕ್ಷರಗಳ ಎಸ್‌ಎಚ್‌ಎ-1ಕ್ಕೂ ಅದೇ ಗತಿಯಾಯಿತು: 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಇರುವ ಎರಡು ಭಿನ್ನ ಪಿಡಿಎಫ್‌ಗಳನ್ನು ಪ್ರಕಟಿಸಿದರು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜೋಡಿಯನ್ನು ತಾನೇ ಹೊಂದಿಸಿ ತಯಾರಿಸುವುದು ಬೇರೆ, ಬೇರೊಬ್ಬರು ಈಗಾಗಲೇ ಪ್ರಕಟಿಸಿರುವ ಕಡತದ ಚೆಕ್‌ಸಮ್‌ಗೇ ಸರಿಹೊಂದುವ ನಕಲಿಯನ್ನು ಮಾಡುವುದು ಬೇರೆ. ಎರಡನೆಯದು ಎಂಡಿ5ರಲ್ಲೂ ಇಂದಿಗೂ ಪ್ರಾಯೋಗಿಕವಾಗಿ ಸಾಧ್ಯವಾಗಿಲ್ಲ. ಆದ್ದರಿಂದ ಆಕಸ್ಮಿಕವಾಗಿ ಕೆಟ್ಟ ಕಡತವನ್ನು ಎಂಡಿ5 ಈಗಲೂ ಹಿಡಿಯುತ್ತದೆ. ಆದರೆ ಎಸ್‌ಎಚ್‌ಎ-256 ಅಷ್ಟೇ ಸುಲಭವಾಗಿ ಸಿಗುವಾಗ ಹಳೆಯದನ್ನು ಅವಲಂಬಿಸಲು ಕಾರಣವೇ ಇಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ, ಹೋಲಿಸಲು ಬಳಸುವ ಆ ಸಾಲು ಎಲ್ಲಿಂದ ಬಂತು ಎಂಬುದು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು, 17.3 ಸಿನ್ನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಬದಲಾಯಿಸಿ, ಹಿಂಬಾಗಿಲು (ಯಂತ್ರದೊಳಗೆ ಗುಟ್ಟಾಗಿ ನುಗ್ಗಲು ಬಿಡುವ ದಾರಿ) ಅಳವಡಿಸಿದ ಐಎಸ್‌ಒ ಕಡೆಗೆ ತಿರುಗಿಸಿದರು. ಮಿಂಟ್ ತಂಡ ಸರಿಯಾದ ಐಎಸ್‌ಒಗಳ ಚೆಕ್‌ಸಮ್‌ಗಳನ್ನು ಪ್ರಕಟಿಸಿ, ಎಲ್ಲರೂ ತಾಳೆ ನೋಡಿಕೊಳ್ಳಬೇಕೆಂದು ಕೇಳಿಕೊಂಡಿತು. ಕೊಂಡಿಯನ್ನು ಬದಲಾಯಿಸಬಲ್ಲವರು ಅದೇ ಪುಟದಲ್ಲಿರುವ ಚೆಕ್‌ಸಮ್ ಅನ್ನೂ ಬದಲಾಯಿಸಬಲ್ಲರು. ಆಗ ನಕಲಿ ಕಡತವೂ ನಕಲಿ ಸಾಲೂ ಚೆನ್ನಾಗಿಯೇ ತಾಳೆಯಾಗುತ್ತವೆ. ಹಾಗಾಗಿ ಮಿರರ್‌ನಿಂದ (ಅವೇ ಕಡತಗಳ ಪ್ರತಿ ಇಟ್ಟಿರುವ ಬೇರೆ ತಾಣದಿಂದ) ಐಎಸ್‌ಒ ಇಳಿಸಿಕೊಂಡರೂ, ಚೆಕ್‌ಸಮ್ ಪಟ್ಟಿಯನ್ನು ಯೋಜನೆಯ ಮೂಲ ತಾಣದಿಂದಲೇ ತರಬೇಕು, ಮತ್ತು ಆ ಪಟ್ಟಿಗೆ ಡಿಜಿಟಲ್ ಸಹಿ ಇದ್ದರೆ ಅದನ್ನೂ ಪರಿಶೀಲಿಸಬೇಕು. ಉಬುಂಟುವಿನ ಪಟ್ಟಿಯ ಜೊತೆಗೆ ಜಿಪಿಜಿ ಎಂಬ ತಂತ್ರಾಂಶದಿಂದ ಮಾಡಿದ ಸಹಿಯ ಕಡತವೊಂದು ಇರುತ್ತದೆ. ಅದನ್ನು ಪರಿಶೀಲಿಸಲು ಬೇಕಾದ ಕೀಲಿ, ಈಗಾಗಲೇ ಉಬುಂಟು ಇರುವ ಯಂತ್ರಗಳಲ್ಲಿ ‘ಉಬುಂಟು ಕೀರಿಂಗ್’ ಎಂಬ ಪ್ಯಾಕೇಜಿನ ಒಳಗೇ ಇದೆ. ಪರಿಶೀಲನೆಯಲ್ಲಿ ‘ಗುಡ್ ಸಿಗ್ನೇಚರ್’ ಎಂಬುದರ ಕೆಳಗೆ ಕೀಲಿಯು ಪ್ರಮಾಣಿತವಲ್ಲ ಎಂಬ ಎಚ್ಚರಿಕೆ ಬರುವುದುಂಟು. ಸಹಿ ತಪ್ಪೆಂದು ಅದರ ಅರ್ಥವಲ್ಲ. ಆ ಕೀಲಿ ಯಾರದೆಂದು ನೀವು ಇನ್ನೂ ದೃಢಪಡಿಸಿಲ್ಲವೆಂದು ಅರ್ಥ.

ಸಹಿಯೂ ಸರಿಯಿದ್ದು ಚೆಕ್‌ಸಮ್‌ವೂ ಹೊಂದಿದಾಗ ತಿಳಿಯುವುದು, ಪ್ರಕಟಿಸಿದವರು ಕೊಟ್ಟದ್ದೇ ನಮ್ಮ ಕೈ ಸೇರಿದೆ ಎಂಬುದಷ್ಟೇ. 2024ರ ಮಾರ್ಚ್‌ನಲ್ಲಿ ತಂತ್ರಾಂಶ ಅಭಿವೃದ್ಧಿಗಾರ ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದ ಎಕ್ಸ್‌ಝಡ್ (ಕಡತಗಳನ್ನು ಕುಗ್ಗಿಸುವ ತಂತ್ರಾಂಶ) ಪ್ರಕರಣದಲ್ಲಿ, 5.6.0 ಮತ್ತು 5.6.1 ಆವೃತ್ತಿಗಳ ಒಳಗೆ ಹಿಂಬಾಗಿಲನ್ನು ಇಟ್ಟವರು ಆ ಯೋಜನೆಯ ನಿರ್ವಾಹಕರಲ್ಲೇ ಒಬ್ಬರು. ಅಂಥಲ್ಲಿ ಯಾವ ಚೆಕ್‌ಸಮ್‌ವೂ ತಪ್ಪು ತೋರಿಸಲಾರದು.

ದಿನನಿತ್ಯದ ಬಳಕೆಯಲ್ಲಿ ಈ ಕೆಲಸವನ್ನೆಲ್ಲ ‘ಆಪ್ಟ್’ನಂಥ ಪ್ಯಾಕೇಜ್ ವ್ಯವಸ್ಥೆ ತಾನೇ ಮಾಡುತ್ತದೆ. ಸಹಿ ಮಾಡಿದ ‘ರಿಲೀಸ್’ ಕಡತದಲ್ಲಿ ಪ್ಯಾಕೇಜ್ ಪಟ್ಟಿಗಳ ಚೆಕ್‌ಸಮ್, ಆ ಪಟ್ಟಿಗಳಲ್ಲಿ ಪ್ರತಿಯೊಂದು ಪ್ಯಾಕೇಜಿನ ಚೆಕ್‌ಸಮ್ ಇರುತ್ತವೆ. ಎಲ್ಲಾದರೂ ತಾಳೆ ತಪ್ಪಿದರೆ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂದು ಹೇಳಿ ಆಪ್ಟ್ ಅದನ್ನು ತಿರಸ್ಕರಿಸುತ್ತದೆ. ಕೈಯಾರೆ ತಾಳೆ ನೋಡಬೇಕಾಗುವುದು ಆಪ್‌ಇಮೇಜ್‌ಗಳು (ಒಂದೇ ಕಡತವಾಗಿ ಸಿಗುವ ತಂತ್ರಾಂಶಗಳು), ಬಿಡಿ ಟಾರ್ ಕಡತಗಳು (ಹಲವು ಕಡತಗಳನ್ನು ಒಂದಾಗಿ ಕಟ್ಟಿದವು) ಮತ್ತು ಐಎಸ್‌ಒಗಳಂತೆ ಈ ವ್ಯವಸ್ಥೆಯ ಹೊರಗಿನಿಂದ ಬರುವವನ್ನು. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಮೊದಲ ಬಾರಿ ಲಿನಕ್ಸ್ ಸ್ಥಾಪಿಸಲು ಇಳಿಸುವ ಐಎಸ್‌ಒ ವಿಷಯದಲ್ಲಿ, ಏಕೆಂದರೆ ಮುಂದೆ ಆಪ್ಟ್ ನಂಬುವ ಕೀಲಿಗಳೆಲ್ಲ ಯಂತ್ರಕ್ಕೆ ಬರುವುದು ಅದೇ ಐಎಸ್‌ಒ ಒಳಗಿನಿಂದ.