ಕಡ್ಡಾಯ ಸೇನಾ ಸೇವೆ: ಪಟ್ಟಿಗೆ ಹೆಸರು ಸೇರುವುದೆಂದರೆ

"ಈಗಿನ ಹುಡುಗರನ್ನು ಎರಡು ವರ್ಷ ಮಿಲಿಟರಿಗೆ ಹಾಕಬೇಕು, ಆಗ ಬುದ್ಧಿ ಬರುತ್ತದೆ." ಮದುವೆ ಮನೆಯ ಪಂಕ್ತಿಯಲ್ಲಿ, ರೈಲಿನ ಬೋಗಿಯಲ್ಲಿ, ಹೋಟೆಲಿನ ಕಾಫಿ ಮೇಜಿನಲ್ಲಿ ಈ ಮಾತು ಕಿವಿಗೆ ಬೀಳದವರು ಕಡಿಮೆ. ಹೇಳುವವರಿಗೆ ಮಕ್ಕಳ ಮೇಲೆ ನಿಜವಾದ ಕಾಳಜಿ ಇರುತ್ತದೆ. ಆದರೆ ಆ ಕಾಳಜಿಯ ಮಾತಿನೊಳಗೆ ಬಹಳ ತೂಕದ ಒಂದು ಪದ ಕುಳಿತಿದೆ: ಕಡ್ಡಾಯ ಸೇನಾ ಸೇವೆ. ಅದನ್ನು ಬೇಕು ಎನ್ನುವ ಮೊದಲು ಅದು ಏನನ್ನು ಕೇಳುತ್ತದೆ ಎಂದು ನೋಡಬೇಕು.

ಒಂದು ದೇಶದ ಕಾನೂನು ತನ್ನ ಪ್ರಜೆಗಳಲ್ಲಿ ಇಂತಿಂಥ ವಯಸ್ಸಿನವರನ್ನು, ಅವರ ಇಷ್ಟ ಕೇಳದೆ, ಇಂತಿಷ್ಟು ತಿಂಗಳು ಸೈನಿಕರಾಗಿ ದುಡಿಸಿಕೊಳ್ಳುವ ಏರ್ಪಾಡಿಗೆ ಈ ಹೆಸರು. ಬರಲೊಲ್ಲೆ ಎಂದರೆ ಶಿಕ್ಷೆ. ಈ ಶಿಕ್ಷೆಯ ಭಾಗವನ್ನು ತೆಗೆದುಬಿಟ್ಟರೆ ಉಳಿಯುವುದು ಬರಿಯ ಆಹ್ವಾನ. ಆದ್ದರಿಂದಲೇ 2022ರಲ್ಲಿ ಬಂದ ಅಗ್ನಿಪಥ ಎಂಬ ಸೇನಾ ಭರ್ತಿ ಯೋಜನೆಯನ್ನು ಕಡ್ಡಾಯ ಸೇವೆ ಎಂದು ಕರೆಯುವುದು ತಪ್ಪು. ಅಲ್ಲಿ ನಾಲ್ಕು ವರ್ಷದ ಅವಧಿ ಇದೆ, ಅದು ಮುಗಿದ ಮೇಲೆ ಗರಿಷ್ಠ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುವ ನಿಯಮವೂ ಇದೆ. ಆದರೆ ಅರ್ಜಿ ಹಾಕುವವನು ತಾನಾಗಿಯೇ ಹಾಕುತ್ತಾನೆ. ಯೋಜನೆಯ ಬಗ್ಗೆ ತಕರಾರು ಎಷ್ಟೇ ಇರಲಿ, ಅದು ಬೇರೆ ಮಾತು.

ಇಂಗ್ಲಿಷಿನಲ್ಲಿ ಇದಕ್ಕೆ ಬಳಸುವ ಕಾನ್‌ಸ್ಕ್ರಿಪ್ಷನ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಒಟ್ಟಿಗೆ ಬರೆಯುವುದು, ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುವುದು ಎಂಬುದು ಅದರ ಮೂಲಾರ್ಥ. ಅಮೆರಿಕದವರು ಡ್ರಾಫ್ಟ್ ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ತರುವಾಗ ಕೆಲವರು ಅವಸರದಲ್ಲಿ ‘ಕರಡು’ ಎಂದು ಬರೆದುಬಿಡುತ್ತಾರೆ. ಕರಡು ಪ್ರತಿಗೂ ಯುದ್ಧಕ್ಕೆ ಹೊರಟ ಹುಡುಗನಿಗೂ ಏನು ಸಂಬಂಧ? ‘ಕಡ್ಡಾಯ ಭರ್ತಿ’ ಎಂದರೆ ಸಾಕು, ಅರ್ಥ ಕೆಡುವುದಿಲ್ಲ.

ಪಟ್ಟಿಯ ಈ ಕಲ್ಪನೆ ಆಧುನಿಕವಾದದ್ದು. ಕ್ರಾಂತಿಯ ನಂತರದ ಫ್ರಾನ್ಸ್ ಸುತ್ತಲಿನ ರಾಜರ ಸೈನ್ಯಗಳನ್ನು ಎದುರಿಸಬೇಕಾಗಿ ಬಂದಾಗ, 1793ರ ಆಗಸ್ಟ್‌ನಲ್ಲಿ ಇಡೀ ದೇಶವನ್ನೇ ಯುದ್ಧಕ್ಕೆ ಕರೆಯಿತು. 1798ರಲ್ಲಿ ಅದಕ್ಕೊಂದು ಖಾಯಂ ಕಾನೂನು ಬಂತು: 20ರಿಂದ 25 ವರ್ಷದ ಗಂಡಸರೆಲ್ಲರ ಹೆಸರೂ ಪಟ್ಟಿಯಲ್ಲಿರಬೇಕು. ಅಲ್ಲಿಯವರೆಗೆ ಸೈನಿಕನೆಂದರೆ ರಾಜನ ಸಂಬಳದಾಳು ಅಥವಾ ಪಾಳೆಯಗಾರನ ಒಕ್ಕಲು. ಅಲ್ಲಿಂದ ಮುಂದೆ ಆತ ಪ್ರಜೆ. ಮತದ ಹಕ್ಕು ಮತ್ತು ಬಂದೂಕಿನ ಹೊಣೆ ಯುರೋಪಿನಲ್ಲಿ ಹೆಚ್ಚುಕಡಿಮೆ ಜೊತೆಜೊತೆಯಾಗಿ ಬೆಳೆದವು.

ನಮ್ಮ ಹಳೆಯ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಳೆಗನ್ನಡದಲ್ಲಿ ಜೋಳವಾಳಿ ಎಂಬ ಸುಂದರ ಪದವಿದೆ. ಒಡೆಯ ಹಾಕಿದ ಜೋಳದ ಋಣವನ್ನು ಕಾಳಗದಲ್ಲಿ ತೀರಿಸುವ ಕಟ್ಟುಪಾಡು ಅದು. ಉಪ್ಪಿನ ಋಣ ಎಂದು ನಾವು ಇಂದು ಹೇಳುತ್ತೇವಲ್ಲ, ಅದೇ. ಅದರ ಜೊತೆಗೆ ವೇಳೆವಾಳಿ: ವೇಳೆ ಬಂದಾಗ ಒಡೆಯನಿಗಾಗಿ ಪ್ರಾಣ ಕೊಡುತ್ತೇನೆಂಬ ಭಾಷೆ. ಹೊಯ್ಸಳ ಅರಸರ ಅಂಗರಕ್ಷಕರಾಗಿದ್ದ ಗರುಡರು ಇಂಥ ಭಾಷೆ ಕೊಟ್ಟವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದರ ಶಾಸನ, ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಅರ್ಪಿಸಿದ್ದನ್ನು ಹೇಳುತ್ತದೆ. ಆ ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆ ಇದೆ. ನೋಡಿದವರ ಎದೆ ಝಲ್ಲೆನ್ನುತ್ತದೆ. ಆದರೆ ಇಷ್ಟು ಕಠೋರವಾದ ಭಾಷೆಯಲ್ಲಿಯೂ ಕೊಟ್ಟವನೊಬ್ಬ ಇದ್ದಾನೆ, ಪಡೆದವನೊಬ್ಬ ಇದ್ದಾನೆ. ಅನ್ನ ಉಂಡದ್ದಕ್ಕೆ ಋಣ. ಆಧುನಿಕ ಕಡ್ಡಾಯ ಸೇವೆಯಲ್ಲಿ ಯಾರೂ ಭಾಷೆ ಕೊಟ್ಟಿರುವುದಿಲ್ಲ. ಆ ನೆಲದಲ್ಲಿ ಹುಟ್ಟಿದ್ದೇ ಋಣ.

ಕೊಡಗಿನ ಜಮ್ಮಾ ಹಿಡುವಳಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಭೂಮಿ ಅದು. ಅದರ ಕಂದಾಯ, ಸಾಗು ಎಂದು ಕರೆಯುವ ಮಾಮೂಲು ಹಿಡುವಳಿಯ ಕಂದಾಯದ ಅರ್ಧದಷ್ಟು. ಪ್ರತಿಯಾಗಿ, ಕರೆ ಬಂದಾಗ ಆ ಮನೆತನದ ಗಂಡಸರು ಆಯುಧ ಹಿಡಿದು ಹೋಗಬೇಕು. ಹೊಣೆ ಭೂಮಿಗೆ ಅಂಟಿಕೊಂಡಿತ್ತು, ಮನೆತನಕ್ಕೆ ಅಂಟಿಕೊಂಡಿತ್ತು. ಕರೆ ನಿಂತು ತಲೆಮಾರುಗಳೇ ಕಳೆದಿವೆ, ಕೋವಿ ಮಾತ್ರ ಉಳಿದಿದೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂಥವರು ಹುಟ್ಟಿದ ನಾಡಿಗೆ ಕಡ್ಡಾಯದ ಕಾನೂನು ಯಾವತ್ತೂ ಬೇಕಾಗಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಂದು ಕಡ್ಡಾಯ ಸೇವೆ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಲು ಸಿಂಗಪುರಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಕನ್ನಡದ ಮನೆಗಳಿಗೂ ಇದು ತಟ್ಟುತ್ತದೆ. 1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಆ ಪುಟ್ಟ ದ್ವೀಪದ ಕೈಯಲ್ಲಿದ್ದದ್ದು ಎರಡು ಕಾಲಾಳು ಬೆಟಾಲಿಯನ್‌ಗಳು. 1967ರಲ್ಲಿ ಕಾನೂನು ಬಂತು, ಮೊದಲ ತಂಡದಲ್ಲಿ ಸುಮಾರು 900 ಯುವಕರು ಸೇರಿದರು. ಈಗ ಅಲ್ಲಿನ ಹುಡುಗನಿಗೆ ಹದಿನಾರೂವರೆ ತುಂಬುತ್ತಿದ್ದಂತೆ ನೋಂದಣಿಯ ಪತ್ರ ಬರುತ್ತದೆ. ವೈದ್ಯಕೀಯ ತಪಾಸಣೆ, ಓದಿಗಾಗಿ ಸ್ವಲ್ಪ ಮುಂದೂಡಿಕೆ, ಆಮೇಲೆ ಎರಡು ವರ್ಷ ಪೂರ್ಣಾವಧಿ ಸೇವೆ. ಬಹಳ ಮಂದಿಯ ಮೊದಲ ದಿನ ತೆಕೊಂಗ್ ಎಂಬ ದ್ವೀಪದಲ್ಲಿ. ದೋಣಿಯಲ್ಲಿ ತಂದೆತಾಯಿಯೂ ಜೊತೆಗೆ ಹೋಗುತ್ತಾರೆ. ಮಗ ಮಲಗುವ ಕೊಠಡಿ ನೋಡುತ್ತಾರೆ, ಅವನು ಉಣ್ಣಲಿರುವ ಊಟವನ್ನೇ ಅವನೊಂದಿಗೆ ಕೂತು ಉಣ್ಣುತ್ತಾರೆ, ಅವನು ಪ್ರಮಾಣವಚನ ತೆಗೆದುಕೊಳ್ಳುವುದನ್ನು ಕೇಳುತ್ತಾರೆ. ಸಂಜೆ ದೋಣಿಯಲ್ಲಿ ಅವರಷ್ಟೇ ಹಿಂದಿರುಗುತ್ತಾರೆ. ಹುಡುಗನ ತಲೆಗೂದಲಿಗೆ ಅಲ್ಲಿಯೇ ಕತ್ತರಿ ಬೀಳುತ್ತದೆ. ತಂದೆತಾಯಿಯನ್ನು ಕರೆದುಕೊಂಡು ಹೋಗಿ ಊಟ ಹಾಕುವ ಈ ಕ್ರಮ ನನಗೆ ಬಹಳ ಹಿಡಿಸಿತು. ಮಗನನ್ನು ಕೇಳಿ ಪಡೆಯುತ್ತಿದ್ದೇವೆ ಎಂಬ ವಿನಯ ಅದರಲ್ಲಿದೆ, ಕೇಳದೆಯೇ ಪಡೆಯುತ್ತಿದ್ದರೂ.

ಎರಡು ವರ್ಷಕ್ಕೆ ಮುಗಿಯಿತೇ? ಇಲ್ಲ. ಆಮೇಲೆ ಮೀಸಲು ಪಡೆಯಲ್ಲಿ ಹೆಸರು ಉಳಿಯುತ್ತದೆ, ಸಾಮಾನ್ಯ ಸೈನಿಕನಿಗೆ 40 ವರ್ಷದವರೆಗೆ, ಅಧಿಕಾರಿಗೆ 50ರವರೆಗೆ. ಆಗಾಗ ತರಬೇತಿಗೆ ಕರೆ ಬರುತ್ತದೆ. ಪೌರತ್ವ ಇಲ್ಲದವರೂ ಪೂರ್ತಿ ಹೊರಗಲ್ಲ. ಬೆಂಗಳೂರಿನಿಂದ ಉದ್ಯೋಗಕ್ಕೆ ಹೋಗಿ ಅಲ್ಲಿನ ಕಾಯಂ ನಿವಾಸಿಯಾದ ತಂದೆಗೆ ಸಾಮಾನ್ಯವಾಗಿ ಸೇವೆಯಿಂದ ವಿನಾಯಿತಿ ಇದೆ. ಅವನ ಮೂಲಕ ಕಾಯಂ ನಿವಾಸಿಯಾದ ಮಗನಿಗೆ ಇಲ್ಲ. ಸೇವೆ ಮಾಡದೆ ಆ ಸ್ಥಾನಮಾನವನ್ನು ಬಿಟ್ಟುಕೊಟ್ಟರೆ, ಮುಂದೆ ಅಲ್ಲಿ ಓದಲು ಅಥವಾ ಕೆಲಸ ಮಾಡಲು ಅವನು ಹಾಕುವ ಅರ್ಜಿಗೆ ಅದು ಅಡ್ಡಿಯಾಗಬಹುದು. ಹಾಗಾಗಿ ಮಗು ಚಿಕ್ಕದಿರುವಾಗಲೇ ಆ ಮನೆಗಳಲ್ಲಿ ಈ ಲೆಕ್ಕಾಚಾರ ಶುರುವಾಗುತ್ತದೆ.

ಒಲ್ಲೆ ಎನ್ನುವವನ ಗತಿ? ಪದದ ನಿಜವಾದ ಪರೀಕ್ಷೆ ಇಲ್ಲಿದೆ. ಆಯುಧ ಹಿಡಿಯುವುದು ತನ್ನ ನಂಬಿಕೆಗೆ ವಿರುದ್ಧ ಎನ್ನುವವರ ನಿಲುವನ್ನು ಆತ್ಮಸಾಕ್ಷಿಯ ನಿರಾಕರಣೆ ಎನ್ನುತ್ತಾರೆ. ಸಿಂಗಪುರದಲ್ಲಿ ಅದಕ್ಕೆ ಅವಕಾಶವಿಲ್ಲ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಯುವಕರು ಸೇನೆಯ ಸೆರೆಮನೆಗೆ ಹೋಗುತ್ತಾರೆ. ದಕ್ಷಿಣ ಕೊರಿಯಾದಲ್ಲಿಯೂ ಅದೇ ಪಂಥದ ಸಾವಿರಾರು ಮಂದಿ ದಶಕಗಳ ಕಾಲ ಜೈಲು ಕಂಡರು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಪರ್ಯಾಯ ಸೇವೆ ಕಲ್ಪಿಸಲೇಬೇಕು ಎಂದಿತು. 2020ರಿಂದ ಅದು ಜಾರಿಗೆ ಬಂದಿದೆ: ಭೂಸೇನೆಯಲ್ಲಿ 18 ತಿಂಗಳು ಕಳೆಯುವ ಬದಲು ಕಾರಾಗೃಹಗಳಲ್ಲಿ 36 ತಿಂಗಳು ಕೆಲಸ. ಎರಡು ಪಟ್ಟು ಅವಧಿಯನ್ನು ನಾನು ಪರ್ಯಾಯ ಎಂದು ಒಪ್ಪಲಾರೆ, ಅದರಲ್ಲಿ ದಂಡದ ವಾಸನೆ ಇದೆ. ಯುದ್ಧದ ಬೂದಿಯಿಂದ ಎದ್ದ ಪಶ್ಚಿಮ ಜರ್ಮನಿ ಇದನ್ನು ಚೆನ್ನಾಗಿ ಅರಿತಿತ್ತು. ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಆಯುಧ ಹಿಡಿಸುವಂತಿಲ್ಲ ಎಂದು 1949ರ ಸಂವಿಧಾನದಲ್ಲಿಯೇ ಬರೆದುಕೊಂಡಿತು, ಆಗ ಅದಕ್ಕೊಂದು ಸೇನೆಯೇ ಇರಲಿಲ್ಲ. ಮುಂದೆ ಕಡ್ಡಾಯ ಸೇವೆ ಬಂದಾಗ, ಬಂದೂಕು ಒಲ್ಲದವರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿದರು. 2011ರಲ್ಲಿ ಜರ್ಮನಿ ಕಡ್ಡಾಯ ಭರ್ತಿಯನ್ನು ತಡೆಹಿಡಿದಾಗ ಹೆಚ್ಚು ಚಿಂತೆಗೆ ಬಿದ್ದವರಲ್ಲಿ ಆ ಹುಡುಗರ ಸೇವೆಗೆ ಒಗ್ಗಿಹೋಗಿದ್ದ ಸಂಸ್ಥೆಗಳೂ ಇದ್ದವು.

ಅಮೆರಿಕದಲ್ಲಿ ಬಾಕ್ಸಿಂಗ್ ವೀರ ಮುಹಮ್ಮದ್ ಅಲಿ 1967ರಲ್ಲಿ ಭರ್ತಿಯನ್ನು ನಿರಾಕರಿಸಿ ಪಟ್ಟ ಕಳೆದುಕೊಂಡರು. ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ರದ್ದು ಮಾಡಿದ್ದು 1971ರಲ್ಲಿ. ಆ ವೇಳೆಗೆ ವಿಯೆಟ್ನಾಂ ಯುದ್ಧಕ್ಕೆ ಯಾರು ಹೋಗಬೇಕೆಂಬುದನ್ನು ಲಾಟರಿ ತೀರ್ಮಾನಿಸುತ್ತಿತ್ತು. 1969ರ ಡಿಸೆಂಬರ್ 1ರಂದು ವರ್ಷದ 366 ದಿನಾಂಕಗಳನ್ನು ನೀಲಿ ಗುಳಿಗೆಗಳಲ್ಲಿ ಸೇರಿಸಿ, ಗಾಜಿನ ಪಾತ್ರೆಗೆ ಹಾಕಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ತಾಯಿಯನ್ನು ಒಮ್ಮೆ ಊಹಿಸಿಕೊಳ್ಳಿ. 1973ರಲ್ಲಿ ಅಲ್ಲಿ ಕಡ್ಡಾಯ ಭರ್ತಿ ನಿಂತಿತು. ಪಟ್ಟಿ ಮಾತ್ರ 1980ರಲ್ಲಿ ಮತ್ತೆ ಶುರುವಾಯಿತು: 18ರಿಂದ 25 ವಯಸ್ಸಿನ ಗಂಡಸರ ಹೆಸರು ಅದರಲ್ಲಿರಬೇಕು, ಪೌರರದ್ದಷ್ಟೇ ಅಲ್ಲ, ಗ್ರೀನ್ ಕಾರ್ಡ್ ಪಡೆದವರದ್ದೂ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳ ಹುಡುಗರು ಇದಕ್ಕೆ ಹೊರತಲ್ಲ.

ಪಟ್ಟಿ ಎಂದ ಮೇಲೆ ಅದರಿಂದ ತಪ್ಪಿಸಿಕೊಂಡವರ ಮಾತೂ ಬರುತ್ತದೆ, ಜನರ ಹೊಟ್ಟೆ ಉರಿಯುವುದು ಅಲ್ಲಿಯೇ. ಇಸ್ರೇಲ್‌ನಲ್ಲಿ ಹೆಣ್ಣುಮಕ್ಕಳೂ ಸೇನೆಗೆ ಹೋಗುತ್ತಾರೆ, ಆದರೆ ಧರ್ಮಗ್ರಂಥಗಳ ಓದಿಗೆ ಮುಡಿಪಾದ ಸಂಪ್ರದಾಯಸ್ಥ ಯಹೂದಿ ಯುವಕರು ದಶಕಗಳಿಂದ ಹೊರಗುಳಿದಿದ್ದರು. ಅವರನ್ನೂ ಕರೆಯಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪಿತ್ತಿತು. ಕೊರಿಯಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದರೆ ವಿನಾಯಿತಿ ಇದೆ. ಫುಟ್‌ಬಾಲ್ ಆಟಗಾರ ಸನ್ ಹ್ಯೂಂಗ್ ಮಿನ್ 2018ರಲ್ಲಿ ಹಾಗೆ ಪಾರಾದರು. ಜಗತ್ತೇ ಹಾಡಿ ಕುಣಿದ ಬಿಟಿಎಸ್ ತಂಡದ ಗಾಯಕರಿಗೆ ಅದು ಸಿಗಲಿಲ್ಲ. ನಾರ್ವೆ 2015ರಿಂದ ಗಂಡು ಹೆಣ್ಣು ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಿದೆ. ಇನ್ನು ಆಫ್ರಿಕಾದ ಎರಿಟ್ರಿಯಾದಲ್ಲಿ ಕಾಗದದ ಮೇಲೆ 18 ತಿಂಗಳು, ನಡೆಯುವುದು ವರ್ಷಾನುಗಟ್ಟಲೆ. ಸಾವಿರಾರು ಯುವಕರು ಆ ದೇಶ ಬಿಟ್ಟು ಓಡಿಹೋಗಲು ಇದೇ ದೊಡ್ಡ ಕಾರಣ. ಕೊನೆಯ ದಿನಾಂಕವಿಲ್ಲದ ಕಡ್ಡಾಯ ಸೇವೆಗೆ ಜೀತ ಎಂಬ ಹೆಸರೇ ಸರಿ.

ಭಾರತದಲ್ಲಿ? ಇಲ್ಲಿ ಸೇನಾ ಸೇವೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿದ್ದು 1917ರಲ್ಲಿ, ಅದೂ ಇಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ. ಭಾರತೀಯರಿಗೆ ಅದು ಐಚ್ಛಿಕವಾಗಿತ್ತು. ಹಾಗೆಂದು ಆ ಕಾಲದಲ್ಲಿ ಎಲ್ಲರೂ ಮನಸಾರೆ ಸೇರಿದರು ಎನ್ನಲಾಗದು. ಪಂಜಾಬಿನ ಹಳ್ಳಿಗಳ ಮೇಲೆ ಇಂತಿಷ್ಟು ಆಳು ಕೊಡಿ ಎಂಬ ಒತ್ತಡ ಬಲವಾಗಿಯೇ ಇತ್ತು. ಎರಡನೇ ಮಹಾಯುದ್ಧಕ್ಕೆ 25 ಲಕ್ಷದಷ್ಟು ಭಾರತೀಯರು ಯಾವ ಕಡ್ಡಾಯವೂ ಇಲ್ಲದೆ ಸೇರಿದರು, ಅವರಲ್ಲಿ ಹೊಟ್ಟೆಪಾಡಿಗೆ ಹೋದವರೂ ಇದ್ದರು. ಸ್ವಾತಂತ್ರ್ಯದ ನಂತರ, ಚೀನಾ ಯುದ್ಧದ ಪೆಟ್ಟಿನ ಬೆನ್ನಲ್ಲೇ, 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಐದು ವರ್ಷದಲ್ಲಿ ಅದು ಮತ್ತೆ ಐಚ್ಛಿಕವಾಯಿತು. ಅಷ್ಟು ಜನಕ್ಕೆ ಕಲಿಸುವ ವ್ಯವಸ್ಥೆ ಬೇಕಲ್ಲ.

ವ್ಯವಸ್ಥೆಯ ಮಾತು ಬಂದರೆ ಲೆಕ್ಕ ಬಹಳ ಸರಳ. ನಮ್ಮಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಹುಡುಗರು 18 ದಾಟುತ್ತಾರೆ. ಮೂರೂ ಪಡೆಗಳು ಸೇರಿ ಇರುವುದು 14 ಲಕ್ಷದ ಆಸುಪಾಸು. ಒಂದೇ ವರ್ಷದ ಹುಡುಗರನ್ನು ಕರೆದರೂ ಅವರಿಗೆ ಬೂಟು, ಬ್ಯಾರಕ್ಕು, ಊಟ, ಕಲಿಸುವ ಹವಾಲ್ದಾರ ಎಲ್ಲಿಂದ ತರುವುದು? ಹುಡುಗರ ಬಗ್ಗೆ ಬುದ್ಧಿ ಹೇಳುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬೆಳಗಿನ ಐದಕ್ಕೆ ಒಮ್ಮೆ ರಸ್ತೆಗಿಳಿದು ನೋಡಬೇಕು. ಕತ್ತಲಲ್ಲಿ ಬರಿಗಾಲಲ್ಲೋ ಸವೆದ ಶೂಗಳಲ್ಲೋ ಹುಡುಗರು ಓಡುತ್ತಿರುತ್ತಾರೆ, ಒಬ್ಬನ ಕೈಯಲ್ಲಿ ಮೊಬೈಲಿನ ಗಡಿಯಾರ. ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟಕ್ಕೆ ಪೂರ್ಣ ಅಂಕ ಬೇಕೆಂದರೆ ಐದೂವರೆ ನಿಮಿಷದೊಳಗೆ ಮುಟ್ಟಬೇಕು. ಆಮೇಲೆ ಒಂಬತ್ತು ಅಡಿ ಹಳ್ಳ ಜಿಗಿಯಬೇಕು, ಕಂಬಿಗೆ ಜೋತು ಹತ್ತು ಬಾರಿ ಗಲ್ಲ ಮೇಲೆತ್ತಬೇಕು. ಅವರಲ್ಲಿ ಬಹುಪಾಲು ಮಂದಿ ವಾಪಸು ಬರುತ್ತಾರೆ. ಹೋಗಬೇಕೆಂದು ಹಂಬಲಿಸುವವರಿಗೇ ಜಾಗವಿಲ್ಲದ ಸೇನೆಗೆ, ಹೋಗಲು ಮನಸ್ಸಿಲ್ಲದವರನ್ನು ಶಿಸ್ತು ಕಲಿಯಲಿ ಎಂದು ತಳ್ಳುವುದು ಆ ಓಡುವ ಹುಡುಗರಿಗೂ ಸೇನೆಗೂ ಮಾಡುವ ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸಿಂಗಪುರ, ಕೊರಿಯಾಗಳು ಕಡ್ಡಾಯ ಮಾಡಿದ್ದು ಕಾಯಲು ಆಳು ಸಾಲದೆ. ಹುಡುಗರು ಹಾದಿ ತಪ್ಪಿದರೆಂದಲ್ಲ.

ಆದರೂ ನಮ್ಮ ಸಂವಿಧಾನ ಈ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. 23ನೇ ವಿಧಿಯ ಮೊದಲ ಭಾಗ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಸಂಸ್ಕೃತದ ವಿಷ್ಟಿ ಎಂಬ ಪದದಿಂದ ಬಂದ ನಮ್ಮ ‘ಬಿಟ್ಟಿ’ಗೆ ಇಂದು ಪುಕ್ಕಟೆ ಎಂಬ ಹಗುರ ಅರ್ಥ ಉಳಿದಿದೆ, ಗೌಡರ ಮನೆಯ ಗದ್ದೆಯಲ್ಲಿ ಕೂಲಿಯಿಲ್ಲದೆ ಬೆನ್ನು ಬಾಗಿಸಿದವರಿಗೆ ಅದರ ಭಾರ ಗೊತ್ತಿತ್ತು. ಅದೇ ವಿಧಿಯ ಎರಡನೇ ಭಾಗ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆಯನ್ನು ವಿಧಿಸಬಹುದು ಎನ್ನುತ್ತದೆ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, ಕರೆ ಬಂದಾಗ ದೇಶವನ್ನು ರಕ್ಷಿಸುವುದೂ ರಾಷ್ಟ್ರ ಸೇವೆ ಸಲ್ಲಿಸುವುದೂ ಒಂದು. ಬಿಟ್ಟಿಗೂ ಕಡ್ಡಾಯ ಸೇವೆಗೂ ನಡುವೆ ಸಂವಿಧಾನ ಎಳೆದ ಗೆರೆ ಎಂದರೆ ಆ ಸಾರ್ವಜನಿಕ ಉದ್ದೇಶ, ಅದರ ಜೊತೆಗೆ ಒಂದು ಷರತ್ತು: ಧರ್ಮ, ಜನಾಂಗ, ಜಾತಿ, ವರ್ಗ ಇವುಗಳ ಆಧಾರದ ಮೇಲಷ್ಟೇ ಭೇದ ಮಾಡುವಂತಿಲ್ಲ. ಬಡವನ ಮಗನನ್ನು ಕರೆದು ಶ್ರೀಮಂತನ ಮಗನನ್ನು ಬಿಡುವಂತಿಲ್ಲ ಎಂದಾಯಿತು. ಆ ನಾಲ್ಕರಲ್ಲಿ ಲಿಂಗ ಎಂಬ ಪದ ಇಲ್ಲ. ಅಂಥ ಕಾನೂನು ಎಂದಾದರೂ ಬಂದರೆ, ಹೆಣ್ಣುಮಕ್ಕಳ ಹೆಸರು ಪಟ್ಟಿಯಲ್ಲಿ ಇರಬೇಕೇ ಬೇಡವೇ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರುವುದು ಖಂಡಿತ.